ಆಹಾರದ ಕೊಬ್ಬೂ ಹೃದ್ರೋಗವೂ: ಸಾಕ್ಷ್ಯದ ಬಲವೆಷ್ಟು?

ಹದಿನೆಂಟು ವರ್ಷಗಳ ಹಿಂದೆ ನಮ್ಮ ತಂದೆಯವರಿಗೆ ಹೃದಯಾಘಾತವಾಯಿತು. ಅವರು ಆಸ್ಪತ್ರೆಯಿಂದ ಮನೆಗೆ ಮರಳಿದ ದಿನವೇ ತುಪ್ಪದ ಗಿಂಡಿ ಅಡಿಗೆಮನೆಯ ಗೂಡಿನಿಂದ ಇಳಿದುಹೋಯಿತು. ಜಿಡ್ಡನ್ನು ಬಿಡಬೇಕೆಂದು ವೈದ್ಯರು ಹೇಳಿದ್ದರು. ಯಾವ ಜಿಡ್ಡು, ಎಷ್ಟು, ಅದರ ಬದಲಿಗೆ ಏನು ಎಂದು ಕೇಳುವಷ್ಟು ಸಮಾಧಾನ ಆಗ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಯುಗಾದಿ ಬಂದಾಗ ಹೋಳಿಗೆಗೆ ತುಪ್ಪದ ಬದಲು ವನಸ್ಪತಿಯನ್ನು ಬಳಸಿದೆವು. ಅದು ಗಿಡದ ಎಣ್ಣೆಯಿಂದ ಮಾಡಿದ್ದು, ಆದುದರಿಂದ ಅಪಾಯವಿಲ್ಲದ್ದು ಎಂಬುದು ನಮ್ಮ ತರ್ಕ. ಆ ತರ್ಕದಲ್ಲಿದ್ದ ತಪ್ಪು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಅದರ ವಿಚಾರವನ್ನು ಮುಂದೆ ಹೇಳುವೆನು.

ಕಳೆದ ವರ್ಷ ಪ್ರಯೋಗಶಾಲೆಯಲ್ಲಿ ಅಳತೆಯ ದೋಷಗಳ ಪಾಠ ಮುಗಿದ ಮೇಲೆ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ಸಾರ್, ಒಂದು ಪತ್ರಿಕೆ ತುಪ್ಪ ವಿಷವೆನ್ನುತ್ತದೆ, ಇನ್ನೊಂದು ಅಮೃತವೆನ್ನುತ್ತದೆ. ಎರಡೂ ವಿಜ್ಞಾನಿಗಳ ಹೆಸರನ್ನೇ ಹೇಳುತ್ತವೆ. ನಾವು ಯಾವುದನ್ನು ನಂಬುವುದು?" ನಾನು ವೈದ್ಯನಲ್ಲ, ಭೌತಶಾಸ್ತ್ರದ ಅಧ್ಯಾಪಕ. ಆದರೆ ಅವಳ ಪ್ರಶ್ನೆ ವೈದ್ಯಶಾಸ್ತ್ರಕ್ಕೆ ಎಷ್ಟು ಸೇರಿದ್ದೋ ಅಳತೆಯ ಶಾಸ್ತ್ರಕ್ಕೂ ಅಷ್ಟೇ ಸೇರಿದ್ದು. ಒಂದು ಹೇಳಿಕೆಯ ಹಿಂದೆ ಯಾವ ಬಗೆಯ ಸಾಕ್ಷ್ಯವಿದೆ, ಆ ಸಾಕ್ಷ್ಯ ಎಷ್ಟು ಭಾರವನ್ನು ಹೊರಬಲ್ಲದು ಎಂಬುದನ್ನು ತೂಗಿ ನೋಡಲು ವೈದ್ಯನೇ ಆಗಬೇಕಾಗಿಲ್ಲ.

"ಕೊಬ್ಬು ತಿಂದರೆ ಹೃದ್ರೋಗ" ಎಂಬ ಮೂರು ಪದಗಳ ಮಾತಿನಲ್ಲಿ ಬೇರೆ ಬೇರೆಯಾಗಿ ಪರೀಕ್ಷಿಸಬೇಕಾದ ಮೂರು ಹೇಳಿಕೆಗಳು ಅಡಗಿವೆ. ಆಹಾರದ ಕೊಬ್ಬು ರಕ್ತದಲ್ಲಿನ ಕೊಲೆಸ್ಟರಾಲನ್ನು ಏರಿಸುವುದೆಂಬುದು ಮೊದಲನೆಯದು. ರಕ್ತದ ಕೊಲೆಸ್ಟರಾಲು ಏರಿದರೆ ಹೃದ್ರೋಗ ಹೆಚ್ಚುವುದೆಂಬುದು ಎರಡನೆಯದು. ಆಹಾರದ ಕೊಬ್ಬನ್ನು ಬದಲಿಸಿದರೆ ಹೃದ್ರೋಗ ತಗ್ಗುವುದೆಂಬುದು ಮೂರನೆಯದು. ಮೊದಲೆರಡು ನಿಜವಾದರೆ ಮೂರನೆಯದು ತಾನಾಗಿಯೇ ನಿಜವಾಗಬೇಕಲ್ಲವೆ ಎಂದು ವಾಚಕರು ಕೇಳಬಹುದು. ಹಾಗೇನೂ ಇಲ್ಲ. ಅದೇ ಆಹಾರವು ದೇಹದಲ್ಲಿ ಬೇರೆ ದಾರಿಗಳಿಂದ ಬೇರೆ ಪರಿಣಾಮಗಳನ್ನೂ ಮಾಡಬಹುದಾದುದರಿಂದ ಮೂರನೆಯದನ್ನು ಪ್ರತ್ಯೇಕವಾಗಿಯೇ ಅಳೆಯಬೇಕಾಗುವುದು.

ಕೊಬ್ಬು ಎಂಬುದು ಒಂದೇ ವಸ್ತುವಲ್ಲ ಎಂಬುದನ್ನೂ ಇಲ್ಲಿಯೇ ಗಮನಿಸಬೇಕು. ಕೊಬ್ಬಿನ ಪ್ರತಿಯೊಂದು ಅಣುವಿನಲ್ಲಿಯೂ ಗ್ಲಿಸರಾಲಿಗೆ ಅಂಟಿಕೊಂಡ ಮೂರು ಮೇದಾಮ್ಲಗಳಿರುವುವು. ಮೇದಾಮ್ಲವೆಂದರೆ ಇಂಗಾಲದ ಪರಮಾಣುಗಳ ಉದ್ದನೆಯ ಸರಪಣಿ. ಆ ಸರಪಣಿ ಹಿಡಿಯಬಲ್ಲಷ್ಟು ಜಲಜನಕವನ್ನೂ ಹಿಡಿದಿದ್ದರೆ ಅದು ಪರ್ಯಾಪ್ತ. ಎಲ್ಲಿಯಾದರೂ ಇಂಗಾಲಗಳ ನಡುವೆ ಜೋಡಿಬಂಧ ಉಳಿದಿದ್ದರೆ ಅಪರ್ಯಾಪ್ತ. ಪರ್ಯಾಪ್ತ ಸರಪಣಿಗಳು ನೆಟ್ಟಗಿದ್ದು ಸೌದೆಯಂತೆ ಒತ್ತಾಗಿ ಒಟ್ಟಿಕೊಳ್ಳುವುವು. ಆದುದರಿಂದಲೇ ತುಪ್ಪ ಹೆಪ್ಪುಗಟ್ಟುವುದು, ಕೊಬ್ಬರಿ ಎಣ್ಣೆ ಮಾಗಿಯ ಬೆಳಗಿನಲ್ಲಿ ಸೀಸೆಯಿಂದ ಬೀಳದಿರುವುದು. ಜೋಡಿಬಂಧವಿದ್ದಲ್ಲಿ ಸರಪಣಿ ಸೊಟ್ಟಗಾಗುವುದು. ಸೊಟ್ಟ ಕಡ್ಡಿಗಳು ಒತ್ತಾಗಿ ಕೂಡಲಾರವು. ಸೂರ್ಯಕಾಂತಿ ಎಣ್ಣೆ ಚಳಿಯಲ್ಲಿಯೂ ಹರಿಯುವುದು ಇದರಿಂದ. ನಿಸರ್ಗದಲ್ಲಿ ಸಿಕ್ಕುವ ಪ್ರತಿಯೊಂದು ಜಿಡ್ಡೂ ಇವೆರಡರ ಮಿಶ್ರಣ. ಪಾಲು ಮಾತ್ರ ಬೇರೆ.

ದೇಶಗಳ ಹೋಲಿಕೆ

ಹೃದಯದ ಸ್ನಾಯುವಿಗೆ ರಕ್ತವನ್ನು ಒದಗಿಸುವ ಧಮನಿಗಳ ಒಳಗೋಡೆಯಲ್ಲಿ ಹಲವು ವರ್ಷಗಳಲ್ಲಿ ಕೊಲೆಸ್ಟರಾಲು ಕೂಡಿದ ಗಟ್ಟಿ ಪದರ ಬೆಳೆಯುವುದು. ಒಂದು ದಿನ ಆ ಪದರ ಬಿರಿದು ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ದಾರಿ ಮುಚ್ಚುವುದು, ಇದೇ ಹೃದಯಾಘಾತ. ಈ ಪದರವನ್ನು ಪ್ರಯೋಗದಿಂದ ಉಂಟುಮಾಡಿ ತೋರಿಸಿದವರಲ್ಲಿ ರಷ್ಯದ ನಿಕೊಲಾಯ್ ಅನಿಚ್ಕೊವ್ ಪ್ರಸಿದ್ಧರು. 1913ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಅವರು ಮೊಲಗಳಿಗೆ ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿದ ಶುದ್ಧ ಕೊಲೆಸ್ಟರಾಲನ್ನು ತಿನ್ನಿಸಿದರು. ಮೊಲಗಳ ಧಮನಿಗಳಲ್ಲಿ ಮನುಷ್ಯರಲ್ಲಿ ಕಾಣುವಂಥ ಪದರಗಳೇ ಕಂಡುವು. ಬರಿಯ ಎಣ್ಣೆಯನ್ನು ತಿಂದ ಮೊಲಗಳಲ್ಲಿ ಕಾಣಲಿಲ್ಲ. ಆದರೆ ಇಲಿ, ನಾಯಿಗಳ ಮೇಲೆ ಇದೇ ಪ್ರಯೋಗ ಸುಲಭವಾಗಿ ಫಲಿಸಲಿಲ್ಲ. ಮೊಲ ಸೊಪ್ಪು ತಿನ್ನುವ ಪ್ರಾಣಿ. ಅದರ ಸಹಜ ಆಹಾರದಲ್ಲಿ ಕೊಲೆಸ್ಟರಾಲೇ ಇಲ್ಲ. ಅದಕ್ಕೆ ಆದದ್ದು ನಮಗೂ ಆಗಬೇಕೆಂದು ಹೇಳುವಂತಿರಲಿಲ್ಲ. (ನಮ್ಮ ರಕ್ತದ ಕೊಲೆಸ್ಟರಾಲಿನ ಬಹುಪಾಲನ್ನು ನಮ್ಮ ಯಕೃತ್ತೇ ತಯಾರಿಸುವುದು. ಆದುದರಿಂದ ಮೊಟ್ಟೆಯಲ್ಲಿರುವ ಕೊಲೆಸ್ಟರಾಲಿಗಿಂತ, ಯಕೃತ್ತಿನ ಕೆಲಸವನ್ನು ಬದಲಿಸುವ ಕೊಬ್ಬಿನ ಬಗೆಯೇ ನಮಗೆ ಮುಖ್ಯ.)

ಮನುಷ್ಯರ ವಿಚಾರಕ್ಕೆ ಬಂದರೆ ಎಲ್ಲರೂ ಮೊದಲು ಎತ್ತುವ ಹೆಸರು ಅಮೆರಿಕದ ಮಿನಿಸೋಟ ವಿಶ್ವವಿದ್ಯಾನಿಲಯದ ಆ್ಯನ್ಸೆಲ್ ಕೀಸ್ ಅವರದು. 1953ರಲ್ಲಿ ಅವರು ಆರು ದೇಶಗಳ ಅಂಕಿಗಳನ್ನು ಒಂದು ನಕ್ಷೆಯಲ್ಲಿ ಗುರುತಿಸಿ ತೋರಿಸಿದರು. ಅಡ್ಡರೇಖೆಯ ಮೇಲೆ ಆಹಾರದ ಶಕ್ತಿಯಲ್ಲಿ ಕೊಬ್ಬಿನ ಪಾಲು, ಲಂಬರೇಖೆಯ ಮೇಲೆ ಹೃದ್ರೋಗದಿಂದ ಸತ್ತ ಗಂಡಸರ ಸಂಖ್ಯೆ. ಜಪಾನು ಕೆಳಗಿನ ಮೂಲೆಯಲ್ಲಿ, ಅಮೆರಿಕ ಮೇಲಿನ ಮೂಲೆಯಲ್ಲಿ. ಇಟಲಿ, ಇಂಗ್ಲೆಂಡ್, ಆಸ್ಟ್ರೇಲಿಯ, ಕೆನಡಗಳು ನಡುವೆ. ಬಿಂದುಗಳು ಒಂದು ನಯವಾದ ವಕ್ರರೇಖೆಯ ಮೇಲೆ ಮುತ್ತು ಪೋಣಿಸಿದಂತೆ ಕುಳಿತಿದ್ದುವು. ನನ್ನ ವಿದ್ಯಾರ್ಥಿಗಳು ಇಷ್ಟು ಚೆಲುವಾದ ನಕ್ಷೆಯನ್ನು ತಂದರೆ ನಾನು ಮೊದಲು ಕೇಳುವ ಪ್ರಶ್ನೆ: ಉಳಿದ ಬಿಂದುಗಳೆಲ್ಲಿ? ಯೆರುಶಾಲ್ಮಿ ಮತ್ತು ಹಿಲೆಬೋ ಎಂಬ ಇಬ್ಬರು 1957ರಲ್ಲಿ ಇದನ್ನೇ ಕೇಳಿದರು. 22 ದೇಶಗಳ ಅಂಕಿಗಳು ಸಿಕ್ಕುವಂತಿದ್ದುವು. ಅವೆಲ್ಲವನ್ನೂ ಗುರುತಿಸಿದಾಗ ಬಿಂದುಗಳು ಚೆದರಿದುವು. ಸಂಬಂಧ ಸಡಿಲವಾಯಿತು, ಆದರೆ ಅಳಿಸಿಹೋಗಲಿಲ್ಲ. ಪ್ರಾಣಿಜನ್ಯ ಪ್ರೋಟೀನಿಗೂ ಹೃದ್ರೋಗಕ್ಕೂ ಅಂಥದೇ ಸಂಬಂಧ ಕಂಡಿತು. ಅಷ್ಟೇ ಅಲ್ಲ, ಹೆಚ್ಚು ಕೊಬ್ಬು ತಿನ್ನುವ ದೇಶಗಳಲ್ಲಿ ಹೃದ್ರೋಗವಲ್ಲದ ಇತರ ಮರಣಗಳು ಕಡಮೆಯಾಗಿದ್ದುವು. ಹಣವಂತ ದೇಶದಲ್ಲಿ ಕೊಬ್ಬೂ ಹೆಚ್ಚು, ಸಿಗರೇಟೂ ಹೆಚ್ಚು, ಮೋಟಾರು ವಾಹನವೂ ಹೆಚ್ಚು, ಮರಣದ ಕಾರಣವನ್ನು ಸರಿಯಾಗಿ ಬರೆಯುವ ವೈದ್ಯರೂ ಹೆಚ್ಚು. ಇವುಗಳಲ್ಲಿ ಯಾವುದು ಕಾರಣ, ಯಾವುದು ಬರಿಯ ಒಡನಾಡಿ ಎಂಬುದನ್ನು ನಕ್ಷೆ ಹೇಳಲಾರದು.

ಇಂಥ ಹೋಲಿಕೆ ಎಷ್ಟು ಸುಲಭವಾಗಿ ತಲೆಕೆಳಗಾಗಬಲ್ಲದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಒಂದು ನಿದರ್ಶನವಿದೆ. ರೈಲ್ವೆಯ ವೈದ್ಯಾಧಿಕಾರಿಯಾಗಿದ್ದ ಎಸ್. ಎಲ್. ಮಲ್ಹೋತ್ರ ಅವರು ಹತ್ತು ಲಕ್ಷಕ್ಕೂ ಹೆಚ್ಚು ರೈಲ್ವೆ ನೌಕರರ ದಾಖಲೆಗಳನ್ನು ಪರಿಶೀಲಿಸಿ 1967ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಪಂಜಾಬಿನ ಕಡೆಯವರು ದಕ್ಷಿಣದವರಿಗಿಂತ 8ರಿಂದ 19 ಪಟ್ಟು ಕೊಬ್ಬನ್ನು ತಿನ್ನುತ್ತಿದ್ದರು; ಅದರಲ್ಲಿ ಬಹುಪಾಲು ಹಾಲು ಬೆಣ್ಣೆಗಳದು. ಆದರೂ ಹೃದ್ರೋಗವು ದಕ್ಷಿಣದವರಲ್ಲಿಯೇ ಸುಮಾರು 7 ಪಟ್ಟು ಹೆಚ್ಚಾಗಿದ್ದಿತು! ತುಪ್ಪದ ಅಭಿಮಾನಿಗಳು ಇದನ್ನು ಉತ್ಸಾಹದಿಂದ ಉದಾಹರಿಸುತ್ತಾರೆ. ಆದರೆ ಕೀಸ್ ಅವರ ಆರು ದೇಶಗಳ ನಕ್ಷೆಯನ್ನು ದುರ್ಬಲವೆನ್ನುವವರು ಅದೇ ಜಾತಿಯ ಈ ಸಾಕ್ಷ್ಯವನ್ನು ಪ್ರಬಲವೆನ್ನುವಂತಿಲ್ಲ. ಎರಡರ ತೂಕವೂ ಒಂದೇ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಕೀಸ್ ಅವರು 22 ದೇಶಗಳನ್ನು ನೋಡಿ ತಮಗೆ ಬೇಕಾದ ಏಳನ್ನು ಆರಿಸಿಕೊಂಡರೆಂಬ ಮಾತು ಈಗಿನ ಅನೇಕ ಜನಪ್ರಿಯ ಬರಹಗಳಲ್ಲಿ ಕಾಣುವುದು. ಇದು ಎರಡು ಬೇರೆ ಕೆಲಸಗಳನ್ನು ಕಲಸಿದ ಮಾತು. ಆರು ದೇಶಗಳ ನಕ್ಷೆ 1953ರದು. ಏಳು ದೇಶಗಳ ಅಧ್ಯಯನ ಪ್ರಾರಂಭವಾದದ್ದು 1958ರಲ್ಲಿ; ಅದು ಸರ್ಕಾರಿ ಅಂಕಿಗಳ ನಕ್ಷೆಯಲ್ಲ, 40ರಿಂದ 59 ವಯಸ್ಸಿನ 12,763 ಗಂಡಸರನ್ನು ಸ್ವತಃ ಪರೀಕ್ಷಿಸಿ ವರ್ಷಗಳ ಕಾಲ ಹಿಂಬಾಲಿಸಿದ ಕೆಲಸ. ಅದರಿಂದ ಹೊರಟ ಅತಿ ಮುಖ್ಯವಾದ ಸಂಗತಿ ಕೀಸ್ ಅವರ ಮೊದಲಿನ ನಂಬಿಕೆಯನ್ನೇ ತಿದ್ದಿತು. ಫಿನ್ಲೆಂಡಿನ ಪೂರ್ವಭಾಗದವರೂ ಗ್ರೀಸಿನ ಕ್ರೀಟ್ ದ್ವೀಪದವರೂ ತಮ್ಮ ಆಹಾರದ ಶಕ್ತಿಯಲ್ಲಿ ಸುಮಾರು ನೂರಕ್ಕೆ 40 ಪಾಲನ್ನು ಕೊಬ್ಬಿನಿಂದಲೇ ಪಡೆಯುತ್ತಿದ್ದರು. ಆದರೆ ಫಿನ್ಲೆಂಡಿನಲ್ಲಿ ಹೃದ್ರೋಗ ಎಲ್ಲರಿಗಿಂತ ಹೆಚ್ಚು. ಕ್ರೀಟಿನಲ್ಲಿ ಎಲ್ಲರಿಗಿಂತ ಕಡಮೆ. ಫಿನ್ಲೆಂಡಿನವರ ಜಿಡ್ಡು ಬೆಣ್ಣೆ ಹಾಲುಗಳದು, ಕ್ರೀಟಿನವರದು ಆಲಿವ್ ಎಣ್ಣೆ. ಅಂದಮೇಲೆ ಒಟ್ಟು ಕೊಬ್ಬಿನ ಮೇಲಿದ್ದ ಆರೋಪ ಅಲ್ಲಿಯೇ ಸಡಿಲವಾಯಿತು. ಉಳಿದದ್ದು ಪರ್ಯಾಪ್ತ ಕೊಬ್ಬಿನ ಮೇಲಣ ಆರೋಪ.

ಒರಟು ಅಳತೆಗೋಲು

ದೇಶ ದೇಶಗಳನ್ನು ಹೋಲಿಸುವುದರ ಬದಲು ಒಂದೇ ಊರಿನ ಜನರನ್ನು ಹೋಲಿಸಿದರಾಗದೆ? ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 1948ರಲ್ಲಿ ಪ್ರಾರಂಭವಾದ ಅಧ್ಯಯನವು 5,209 ಜನರನ್ನು ಹಿಂಬಾಲಿಸಿತು. ರಕ್ತದ ಕೊಲೆಸ್ಟರಾಲು ಹೆಚ್ಚಿದ್ದವರಿಗೆ ಹೃದ್ರೋಗ ಹೆಚ್ಚೆಂಬುದು ಅಲ್ಲಿ ಸ್ಪಷ್ಟವಾಯಿತು. ಆದರೆ ಯಾರು ಏನು ತಿನ್ನುತ್ತಾರೆಂದು ವಿಚಾರಿಸಿ ನೋಡಿದಾಗ ಆಹಾರಕ್ಕೂ ಕೊಲೆಸ್ಟರಾಲಿಗೂ ಸಂಬಂಧ ಕಾಣಲಿಲ್ಲ. ಇಂಥ 21 ಅಧ್ಯಯನಗಳನ್ನು, ಅಂದರೆ 3,47,747 ಜನರ ವಿವರಗಳನ್ನು ಒಟ್ಟುಗೂಡಿಸಿದ 2010ರ ವಿಮರ್ಶೆಯೊಂದು ಪರ್ಯಾಪ್ತ ಕೊಬ್ಬು ಹೃದ್ರೋಗವನ್ನು ಹೆಚ್ಚಿಸುವುದೆನ್ನಲು ಸಾಕಷ್ಟು ಸಾಕ್ಷ್ಯವಿಲ್ಲವೆಂದಿತು. ತುಪ್ಪ ಅಮೃತವಾದದ್ದು ಇಂಥ ವರದಿಗಳಿಂದ.

ಈ ಘಟ್ಟದಲ್ಲಿ ವಿದ್ಯಾರ್ಥಿಗಳು ಒಂದು ಪ್ರಯೋಗವನ್ನು ಊಹಿಸಿಕೊಳ್ಳಬೇಕು. ಒಂದೇ ಉದ್ದದ ಇಪ್ಪತ್ತು ತಾಮ್ರದ ತಂತಿಗಳಿವೆ. ತಂತಿ ತೆಳುವಾದಷ್ಟೂ ಅದರ ರೋಧ ಹೆಚ್ಚೆಂಬುದನ್ನು ತೋರಿಸಬೇಕಾಗಿದೆ. ವ್ಯಾಸವನ್ನು ಅಳೆಯಲು ಸ್ಕ್ರೂ ಗೇಜಿನ ಬದಲು ಬಟ್ಟೆಯಂಗಡಿಯ ಮೀಟರು ಕೋಲನ್ನು ಕೊಟ್ಟರೆ ಏನಾಗುವುದು? ಒಂದಕ್ಕೆ ಅರ್ಧ ಮಿಲಿಮೀಟರೆಂದೂ ಇನ್ನೊಂದಕ್ಕೆ ಒಂದೆಂದೂ ಅಂದಾಜಿನಿಂದ ಬರೆದುಕೊಳ್ಳುವಿರಿ. ನಕ್ಷೆ ಬರೆದರೆ ಬಿಂದುಗಳು ರಾಗಿ ಚೆಲ್ಲಿದಂತೆ ಚೆದರುವುವು. ಆಗ ರೋಧಕ್ಕೂ ವ್ಯಾಸಕ್ಕೂ ಸಂಬಂಧವಿಲ್ಲವೆಂದು ತೀರ್ಮಾನಿಸುವಿರಾ? ಇಪ್ಪತ್ತು ತಂತಿಗಳ ಬದಲು ಇಪ್ಪತ್ತು ಸಾವಿರ ತಂತಿಗಳನ್ನು ತಂದರೂ ಅಳತೆಗೋಲು ಅದೇ ಆದರೆ ಇಳಿಜಾರು ನಿಜಕ್ಕಿಂತ ಕಡಮೆಯಾಗಿಯೇ ಕಾಣುವುದು. ಅದರ ಮೇಲೆ ಆ ತಂತಿಗಳೆಲ್ಲ ಹೆಚ್ಚು ಕಡಮೆ ಒಂದೇ ದಪ್ಪದವಾಗಿದ್ದರೆ ಸಂಬಂಧ ಕಾಣುವುದು ಇನ್ನೂ ಕಷ್ಟ.

"ನಿನ್ನೆ ಏನು ಊಟ ಮಾಡಿದಿರಿ?" ಎಂದು ಕೇಳಿ ಒಬ್ಬನ ಜೀವಮಾನದ ಕೊಬ್ಬನ್ನು ಅಳೆಯುವುದು ಮೀಟರು ಕೋಲಿನಿಂದ ತಂತಿಯನ್ನು ಅಳೆದಂತೆ. ನಾನು ನಿನ್ನೆ ತಿಂದದ್ದನ್ನೇ ಸರಿಯಾಗಿ ಹೇಳಲಾರೆ. ಒಗ್ಗರಣೆಗೆ ಎಷ್ಟು ಎಣ್ಣೆ ಬಿತ್ತೆಂಬುದು ಒಗ್ಗರಣೆ ಹಾಕಿದವರಿಗೂ ತಿಳಿಯದು. ಅಲ್ಲದೆ ಫ್ರೇಮಿಂಗ್‌ಹ್ಯಾಮಿನವರೆಲ್ಲರೂ ಹೆಚ್ಚು ಕಡಮೆ ಒಂದೇ ತೆರನಾಗಿ ತಿನ್ನುತ್ತಿದ್ದವರು. ಇನ್ನೊಂದು ತೊಡಕೂ ಇದೆ. ಪರ್ಯಾಪ್ತ ಕೊಬ್ಬನ್ನು ಕಡಮೆ ತಿನ್ನುವವನು ಉಪವಾಸವಿರುವುದಿಲ್ಲ. ಅದರ ಜಾಗಕ್ಕೆ ಬೇರೊಂದನ್ನು ತಿನ್ನುತ್ತಾನೆ. ಆ ಬೇರೊಂದು ಬಿಳಿಯ ಅನ್ನ ಸಕ್ಕರೆಗಳೋ, ಸೂರ್ಯಕಾಂತಿ ಎಣ್ಣೆಯೋ ಎಂಬುದರ ಮೇಲೆ ಫಲಿತಾಂಶ ಬದಲಾಗುವುದು. ಮೈದಾ ಸಕ್ಕರೆಗಳಿಗೆ ಹೋಲಿಸಿದರೆ ಬೆಣ್ಣೆ ನಿರ್ದೋಷಿಯಂತೆ ಕಾಣಬಹುದು. ಆದುದರಿಂದ 2010ರ ವಿಮರ್ಶೆಯ ಮಾತನ್ನು "ಸಂಬಂಧವಿಲ್ಲ" ಎಂದು ಓದದೆ "ಈ ಗೋಲಿನಿಂದ ಕಾಣಲಿಲ್ಲ" ಎಂದು ಓದುವುದೇ ಸರಿ.

ತೂಗಿ ಬಡಿಸಿದ ಊಟ

ಗೋಲು ಒರಟಾಗಿದ್ದರೆ ಒಳ್ಳೆಯ ಗೋಲನ್ನು ತರಬೇಕು. ಜನರನ್ನು ಕೆಲವು ವಾರಗಳ ಕಾಲ ಒಂದೆಡೆ ಇರಿಸಿ, ಪ್ರತಿಯೊಂದು ಊಟವನ್ನೂ ತೂಗಿ ಬಡಿಸಿ, ರಕ್ತವನ್ನು ಪರೀಕ್ಷಿಸುವ ಪ್ರಯೋಗಗಳು 1950ರ ದಶಕದಿಂದ ನಡೆದುಬಂದಿವೆ. ಇಲ್ಲಿ ಉತ್ತರ ನಿಚ್ಚಳ. ಪಿಷ್ಟ ಪದಾರ್ಥದ ಬದಲು ಪರ್ಯಾಪ್ತ ಕೊಬ್ಬನ್ನು ಕೊಟ್ಟರೆ ಕೊಲೆಸ್ಟರಾಲು ಏರುವುದು. ಅನೇಕ ಜೋಡಿಬಂಧಗಳಿರುವ ಬಹು-ಅಪರ್ಯಾಪ್ತ ಎಣ್ಣೆಗಳನ್ನು ಕೊಟ್ಟರೆ ಇಳಿಯುವುದು. ಏರಿಕೆಯು ಇಳಿಕೆಯ ಎರಡರಷ್ಟು. ಕೀಸ್ ಅವರ ಸೂತ್ರದಂತೆ, ದಿನದ ಶಕ್ತಿಯಲ್ಲಿ ನೂರಕ್ಕೆ 1 ಪಾಲು ಪರ್ಯಾಪ್ತ ಕೊಬ್ಬು ಹೆಚ್ಚಿದರೆ 100 ಘನ ಸೆಂಟಿಮೀಟರು ರಕ್ತರಸದಲ್ಲಿ ಕೊಲೆಸ್ಟರಾಲು ಸುಮಾರು 2.7 ಮಿಲಿಗ್ರಾಂ ಏರುವುದು. ಈ ತೆರನಾದ 395 ಪ್ರಯೋಗಗಳನ್ನು ಒಟ್ಟುಗೂಡಿಸಿ 1997ರಲ್ಲಿ ಪ್ರಕಟವಾದ ವಿಮರ್ಶೆಯೂ ಇದೇ ದಿಕ್ಕನ್ನು ತೋರಿತು. ನಮ್ಮ ಮೂರು ಹೇಳಿಕೆಗಳಲ್ಲಿ ಮೊದಲನೆಯದು, "ಕೊಬ್ಬು" ಎಂಬಲ್ಲಿ "ಪರ್ಯಾಪ್ತ ಕೊಬ್ಬು" ಎಂದು ತಿದ್ದಿಕೊಂಡರೆ, ಪ್ರಯೋಗಶಾಲೆಯ ನಿಯಮದಷ್ಟೇ ಗಟ್ಟಿಯಾದುದು. ಕೊಬ್ಬರಿ ಎಣ್ಣೆಯೂ ಇದಕ್ಕೆ ಹೊರತಲ್ಲವೆಂದು ಕರಾವಳಿಯ ಮಿತ್ರರಿಗೆ ತಿಳಿಸಲು ನನಗೆ ಸಂಕೋಚವಾಗುತ್ತದೆ. ಬೇರೆ ಗಿಡದ ಎಣ್ಣೆಗಳೊಡನೆ ಹೋಲಿಸಿದ ಪ್ರಯೋಗಗಳಲ್ಲಿ ಅದು ಕೊಲೆಸ್ಟರಾಲನ್ನು ಏರಿಸಿಯೇ ಇದೆ.

ಎರಡನೆಯ ಹೇಳಿಕೆಯ ಸಾಕ್ಷ್ಯ ಇನ್ನೂ ಬಲವಾದುದು. ಕೊಲೆಸ್ಟರಾಲು ನೀರಿನಲ್ಲಿ ಕರಗದು; ರಕ್ತದಲ್ಲಿ ಅದನ್ನು ಪ್ರೋಟೀನು ಸುತ್ತಿದ ಸೂಕ್ಷ್ಮ ಕಣಗಳು ಹೊತ್ತೊಯ್ಯುವುವು. ಇವುಗಳಲ್ಲಿ ಎಲ್. ಡಿ. ಎಲ್. ಎಂಬ ಕಣಗಳೇ ಧಮನಿಯ ಗೋಡೆಯೊಳಕ್ಕೆ ಸೇರತಕ್ಕವು. ಅವುಗಳನ್ನು ರಕ್ತದಿಂದ ಹೆಕ್ಕಿ ತೆಗೆಯುವ ಗ್ರಾಹಕಗಳು ಯಕೃತ್ತಿನ ಕೋಶಗಳ ಮೇಲಿರುವುವು. ಇದನ್ನು ಕಂಡುಹಿಡಿದ ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರ ನೊಬೆಲ್ ಪಾರಿತೋಷಕ ಸಂದಿತು. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಗ್ರಾಹಕಗಳನ್ನೇ ಪಡೆದು ಹುಟ್ಟಿದ ಮಕ್ಕಳಿಗೆ ಎಳೆಯ ವಯಸ್ಸಿನಲ್ಲಿಯೇ ಹೃದಯಾಘಾತವಾಗುವುದುಂಟು. ಇದಕ್ಕೆ ತದ್ವಿರುದ್ಧವಾದ ನಿಸರ್ಗದ ಪ್ರಯೋಗವೂ ಇದೆ. ಪಿ.ಸಿ.ಎಸ್.ಕೆ.9 ಎಂಬ ಜೀನಿನ ಒಂದು ಮಾರ್ಪಾಟಿನಿಂದ ಹುಟ್ಟಿನಿಂದಲೇ ಎಲ್. ಡಿ. ಎಲ್. ನೂರಕ್ಕೆ 28ರಷ್ಟು ಕಡಮೆಯಿದ್ದ ಅಮೆರಿಕದ ಕರಿಯರಲ್ಲಿ ಹೃದ್ರೋಗವು ನೂರಕ್ಕೆ 88ರಷ್ಟು ಕಡಮೆಯಾಗಿತ್ತೆಂದು 2006ರಲ್ಲಿ ಪ್ರಕಟವಾಯಿತು. ಜೀನುಗಳನ್ನು ಯಾರೂ ಆರಿಸಿಕೊಂಡು ಹುಟ್ಟುವುದಿಲ್ಲ. ಅದು ಚೀಟಿ ಎತ್ತಿ ಹಂಚಿದಂತೆ. ಸಿಗರೇಟು, ಸಂಬಳ, ಸ್ವಭಾವಗಳ ಗೊಂದಲ ಇಲ್ಲಿ ಬಹಳ ಮಟ್ಟಿಗೆ ತಪ್ಪುವುದು. ಔಷಧಗಳ ಸಾಕ್ಷ್ಯವೂ ಇದಕ್ಕೆ ಸೇರಿತು. 1994ರಲ್ಲಿ ಸ್ಕ್ಯಾಂಡಿನೇವಿಯದ 4,444 ಹೃದ್ರೋಗಿಗಳ ಮೇಲೆ ನಡೆದ ಸ್ಟ್ಯಾಟಿನ್ ಪ್ರಯೋಗದಲ್ಲಿ ಮರಣಗಳು ನೂರಕ್ಕೆ 30ರಷ್ಟು ಇಳಿದುವು. 26 ಪ್ರಯೋಗಗಳ 1,70,000 ಜನರ ಲೆಕ್ಕವನ್ನು 2010ರಲ್ಲಿ ಕೂಡಿಸಿದಾಗ, ಎಲ್. ಡಿ. ಎಲ್. ಸುಮಾರು 39 ಮಿಲಿಗ್ರಾಂ ಇಳಿದರೆ ಹೃದಯಾಘಾತ, ಲಕ್ವ ಮೊದಲಾದುವು ನೂರಕ್ಕೆ ಸುಮಾರು 22ರಷ್ಟು ಇಳಿಯುವುವೆಂದು ತಿಳಿಯಿತು.

ವರ್ಗಮೂಲದ ಕಾಟ

ಇನ್ನು ಮೂರನೆಯದು. ಮೇಲಿನ ಎರಡು ಅಳತೆಗಳನ್ನು ಕೂಡಿಸಿದರೆ ಏನನ್ನು ನಿರೀಕ್ಷಿಸಬೇಕೆಂದು ಮೊದಲೇ ಲೆಕ್ಕ ಹಾಕಬಹುದು. ಆಹಾರವನ್ನು ಬದಲಿಸಿದ್ದರಿಂದ ಎಲ್. ಡಿ. ಎಲ್. 20 ಮಿಲಿಗ್ರಾಂ ಇಳಿಯಿತೆನ್ನೋಣ. 39ಕ್ಕೆ ನೂರಕ್ಕೆ 22 ಆದರೆ 20ಕ್ಕೆ ಸುಮಾರು 12. ಅಂದರೆ ನೂರು ಹೃದಯಾಘಾತಗಳಾಗುವ ಕಡೆ ಸುಮಾರು 88 ಆಗಬೇಕು. ಇಷ್ಟು ಸಣ್ಣ ವ್ಯತ್ಯಾಸವನ್ನು ಕಾಣುವುದು ಎಷ್ಟು ಕಷ್ಟವೆಂಬುದು ವಿಕಿರಣದ ಎಣಿಕೆಯನ್ನು ಮಾಡಿದ ವಿದ್ಯಾರ್ಥಿಗಳಿಗೆ ಗೊತ್ತಿರುವುದು. ಆಕಸ್ಮಿಕವಾಗಿ ಸಂಭವಿಸುವ ಘಟನೆಗಳನ್ನು ಎಣಿಸಿದಾಗ 100 ಬಂದರೆ ಅದರಲ್ಲಿ 100ರ ವರ್ಗಮೂಲದಷ್ಟು, ಅಂದರೆ 10ರಷ್ಟು ಏರುಪೇರು ಸಹಜ. 100 ಮತ್ತು 88ರ ವ್ಯತ್ಯಾಸ 12. ಆ ವ್ಯತ್ಯಾಸದ ಸಹಜ ಏರುಪೇರು 188ರ ವರ್ಗಮೂಲ, ಸುಮಾರು 14. ಕಾಣಬೇಕಾದ ಸಂಗತಿ ಗದ್ದಲಕ್ಕಿಂತ ಚಿಕ್ಕದು!

ಈ ಕನ್ನಡಕವನ್ನು ಹಾಕಿಕೊಂಡು ಹಳೆಯ ಪ್ರಯೋಗಗಳನ್ನು ನೋಡೋಣ. ಲಾಸ್ ಏಂಜಲೀಸಿನ ನಿವೃತ್ತ ಸೈನಿಕರ ವಸತಿಯಲ್ಲಿ 846 ಗಂಡಸರನ್ನು ಎರಡು ಪಂಗಡಗಳಾಗಿ ಹಂಚಿ, ಒಂದಕ್ಕೆ ವಾಡಿಕೆಯ ಊಟವನ್ನೂ ಇನ್ನೊಂದಕ್ಕೆ ಗಿಡದ ಎಣ್ಣೆಗಳ ಊಟವನ್ನೂ ಸುಮಾರು 8 ವರ್ಷ ಕೊಟ್ಟರು. 1969ರ ವರದಿಯಂತೆ ಧಮನಿಗಳ ರೋಗದಿಂದ ಸತ್ತವರು ವಾಡಿಕೆಯ ಊಟದವರಲ್ಲಿ 70, ಎಣ್ಣೆಯ ಊಟದವರಲ್ಲಿ 48. ವ್ಯತ್ಯಾಸ 22, ಏರುಪೇರು 118ರ ವರ್ಗಮೂಲ, ಸುಮಾರು 11. ವ್ಯತ್ಯಾಸವು ಏರುಪೇರಿನ ಎರಡರಷ್ಟಿದೆ. ಗಮನಿಸತಕ್ಕ ಸಂಗತಿ, ಆದರೆ ಆಣೆ ಮಾಡಿ ಹೇಳುವಷ್ಟಲ್ಲ. ಎಲ್ಲ ಕಾರಣಗಳಿಂದ ಸತ್ತವರು 177 ಮತ್ತು 174. ಇದರಿಂದ "ಆಯುಸ್ಸು ಹೆಚ್ಚಲಿಲ್ಲ" ಎಂದು ಒಂದು ಪಕ್ಷದವರು ಹೇಳುವರು. 351ರ ವರ್ಗಮೂಲ ಸುಮಾರು 19 ಎಂಬುದನ್ನು ನೆನೆದರೆ ಈ 3ರ ವ್ಯತ್ಯಾಸ ಯಾವ ಪಕ್ಷಕ್ಕೂ ಸಾಕ್ಷಿ ನುಡಿಯಲಾರದು.

ಫಿನ್ಲೆಂಡಿನ ಎರಡು ಮಾನಸಿಕ ಆಸ್ಪತ್ರೆಗಳಲ್ಲಿ 1959ರಿಂದ 1971ರ ವರೆಗೆ ನಡೆದ ಪ್ರಯೋಗದಲ್ಲಿ ಗಂಡಸರ ಹೃದ್ರೋಗದ ಮರಣಗಳು ಸುಮಾರು ಅರ್ಧಕ್ಕೆ ಇಳಿದುವು. ಆದರೆ ಅಲ್ಲಿ ಹಂಚಿದ್ದು ವ್ಯಕ್ತಿಗಳನ್ನಲ್ಲ, ಇಡೀ ಆಸ್ಪತ್ರೆಗಳನ್ನು. ರೋಗಿಗಳು ಬರುತ್ತ ಹೋಗುತ್ತ ಇದ್ದರು. ಆದುದರಿಂದ ಅದರ ತೂಕ ಕಡಮೆ. ಇವೆಲ್ಲಕ್ಕಿಂತ ದೊಡ್ಡದು, ಕಥೆಯಂತೆಯೂ ಇರುವುದು, ಮಿನಿಸೋಟದ ಪ್ರಯೋಗ. 1968ರಿಂದ 1973ರ ವರೆಗೆ ಆರು ಮಾನಸಿಕ ಆಸ್ಪತ್ರೆಗಳ ಮತ್ತು ಒಂದು ವೃದ್ಧರ ವಸತಿಯ 9,423 ಜನರಲ್ಲಿ ಅರ್ಧದಷ್ಟು ಜನರಿಗೆ ಪರ್ಯಾಪ್ತ ಕೊಬ್ಬಿನ ಬದಲು ಮೆಕ್ಕೆಜೋಳದ ಎಣ್ಣೆಯನ್ನು ಕೊಟ್ಟರು. ಕೊಲೆಸ್ಟರಾಲು ನೂರಕ್ಕೆ ಸುಮಾರು 14ರಷ್ಟು ಇಳಿಯಿತು. ಮರಣ ಮಾತ್ರ ಇಳಿಯಲಿಲ್ಲ. ಮುಖ್ಯ ಫಲಿತಾಂಶಗಳು ಅಚ್ಚಾದದ್ದು 1989ರಲ್ಲಿ, ಅಂದರೆ ಪ್ರಯೋಗ ಮುಗಿದ 16 ವರ್ಷಗಳ ಮೇಲೆ. ಮುಖ್ಯ ಸಂಶೋಧಕರಾಗಿದ್ದ ಐವಾನ್ ಫ್ರಾಂಟ್ಸ್ ಅವರು ತೀರಿಕೊಂಡ ಬಳಿಕ ಅವರ ಮನೆಯ ನೆಲಮಾಳಿಗೆಯಲ್ಲಿ ಹಳೆಯ ಕಡತಗಳೂ ದತ್ತಾಂಶದ ಟೇಪುಗಳೂ ಸಿಕ್ಕಿದುವು. ಅವುಗಳನ್ನು ಮತ್ತೆ ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದವರು, ಕೊಲೆಸ್ಟರಾಲು ಹೆಚ್ಚು ಇಳಿದವರಲ್ಲಿ ಮರಣ ಹೆಚ್ಚಾಗಿತ್ತೆಂದೂ ಬರೆದರು.

ಇದೊಂದರಿಂದಲೇ ಇಡೀ ಸಿದ್ಧಾಂತ ಕುಸಿಯಿತೆಂದು ಅನೇಕರು ಭಾವಿಸಿದರು. ನನಗೆ ಹಾಗೆ ಕಾಣದು. 9,423 ಜನರಲ್ಲಿ ಒಂದು ವರ್ಷವಾಗಲಿ ಅದಕ್ಕಿಂತ ಹೆಚ್ಚಾಗಲಿ ಆ ಊಟವನ್ನು ಉಂಡವರು 2,355 ಜನ ಮಾತ್ರ. ಮೂವತ್ತು ನಲವತ್ತು ವರ್ಷಗಳಲ್ಲಿ ಬೆಳೆಯುವ ಪದರದ ಮೇಲೆ ಕೆಲವು ತಿಂಗಳ ಊಟ ಏನು ಮಾಡಬಲ್ಲದು? ಕಾಯಿಲೆ ಬಿದ್ದವರಲ್ಲಿ ಕೊಲೆಸ್ಟರಾಲು ತಾನಾಗಿ ಇಳಿಯುವುದೂ ಉಂಟು. ಆದುದರಿಂದ ಇಳಿಕೆಯು ಮರಣಕ್ಕೆ ಕಾರಣವೋ ಮರಣ ಸಮೀಪಿಸಿದ್ದರ ಗುರುತೋ ಹೇಳುವುದು ಸುಲಭವಲ್ಲ. ಹಾಗೆಂದು ಅದನ್ನು ಕಡೆಗಣಿಸುವಂತೆಯೂ ಇಲ್ಲ. ತನಗೆ ಅನುಕೂಲವಾದ ಫಲಿತಾಂಶ ಬಾರದಿದ್ದಾಗ ಅದನ್ನು ವರ್ಷಗಟ್ಟಲೆ ಅಚ್ಚಿಗೆ ಕೊಡದಿರುವುದು ವಿಜ್ಞಾನಕ್ಕೆ ಮಾಡುವ ಅಪಚಾರ. ಆರು ದೇಶಗಳ ನಕ್ಷೆಯಲ್ಲಿ ಕಾಣದೆ ಹೋದ ಬಿಂದುಗಳಿಗೂ ನೆಲಮಾಳಿಗೆಯ ಕಡತಗಳಿಗೂ ನನ್ನ ದೃಷ್ಟಿಯಲ್ಲಿ ಹೆಚ್ಚಿನ ಭೇದವಿಲ್ಲ.

ಒಟ್ಟು ಕೊಬ್ಬನ್ನು ಕಡಮೆ ಮಾಡಿಸಿದ ಅತಿ ದೊಡ್ಡ ಪ್ರಯೋಗ ಅಮೆರಿಕದ 48,835 ಹೆಂಗಸರ ಮೇಲೆ ನಡೆಯಿತು. ಸುಮಾರು 8 ವರ್ಷಗಳ ಮೇಲೆ 2006ರಲ್ಲಿ ಬಂದ ಉತ್ತರ: ಹೃದ್ರೋಗದಲ್ಲಿ ಗಣನೀಯ ವ್ಯತ್ಯಾಸವಿಲ್ಲ. ಪರ್ಯಾಪ್ತ ಕೊಬ್ಬನ್ನು ತಗ್ಗಿಸಿದ 15 ಪ್ರಯೋಗಗಳನ್ನು ಕೂಡಿಸಿದ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆಯಲ್ಲಿ ಹೃದಯ ಮತ್ತು ರಕ್ತನಾಳಗಳ ಆಘಾತಗಳು ನೂರಕ್ಕೆ 17ರಷ್ಟು ಇಳಿದುವು. ಆದರೆ ಆ 17ರ ಅನಿಶ್ಚಿತತೆಯ ಮಿತಿ 2ರಿಂದ 30ರ ವರೆಗೆ. ಒಟ್ಟು ಮರಣಗಳಲ್ಲಿ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಮೆ. ನಾವು ಲೆಕ್ಕ ಹಾಕಿ ನಿರೀಕ್ಷಿಸಿದ 12 ಈ ಮಿತಿಗಳ ಒಳಗೇ ಬೀಳುವುದನ್ನು ವಾಚಕರು ಗಮನಿಸಿರಬಹುದು. ಎರಡು ಬೇರೆ ದಾರಿಗಳಿಂದ ಹೊರಟು ಒಂದೇ ಬೀದಿಗೆ ಬಂದಿದ್ದೇವೆ. ಒಂದೇ ಮನೆಗೆ ಬಂದೆವೆಂದು ಹೇಳುವಷ್ಟು ಸೂಕ್ಷ್ಮವಾದ ಅಳತೆ ಇನ್ನೂ ನಮ್ಮಲ್ಲಿಲ್ಲ.

ವನಸ್ಪತಿಯ ಡಬ್ಬಿ

ಈಗ ಯುಗಾದಿಯ ಹೋಳಿಗೆಗೆ ಬರೋಣ. ದ್ರವವಾದ ಗಿಡದ ಎಣ್ಣೆಗೆ ನಿಕ್ಕಲಿನ ಸಾನ್ನಿಧ್ಯದಲ್ಲಿ ಜಲಜನಕವನ್ನು ಹಾಯಿಸಿದರೆ ಜೋಡಿಬಂಧಗಳು ತುಂಬಿ ಎಣ್ಣೆ ಗಟ್ಟಿಯಾಗುವುದು. ಈ ಕೆಲಸ ಅರೆಯಾಗಿ ನಿಂತಾಗ ಕೆಲವು ಜೋಡಿಬಂಧಗಳು ತುಂಬದೆ ತಿರುಚಿಕೊಳ್ಳುವುವು; ಸೊಟ್ಟ ಸರಪಣಿ ನೆಟ್ಟಗಾಗುವುದು. ಇದೇ ಟ್ರಾನ್ಸ್ ಕೊಬ್ಬು. ಹೆಸರಿಗೆ ಅಪರ್ಯಾಪ್ತ, ಆಕಾರದಲ್ಲಿ ಪರ್ಯಾಪ್ತ. 1990ರಲ್ಲಿ ನೆದರ್ಲೆಂಡ್ಸಿನ ಮೆನ್ಸಿಂಕ್ ಮತ್ತು ಕಟಾನ್ ಅವರು ಊಟವನ್ನು ಲೆಕ್ಕ ಹಾಕಿ ಕೊಟ್ಟು ನಡೆಸಿದ ಪ್ರಯೋಗದಲ್ಲಿ ಇದು ಎಲ್. ಡಿ. ಎಲ್. ಕಣಗಳನ್ನು ಏರಿಸಿದ್ದಲ್ಲದೆ, ಹಿತಕರವೆಂದು ಭಾವಿಸಲಾದ ಎಚ್. ಡಿ. ಎಲ್. ಕಣಗಳನ್ನು ಇಳಿಸಿತು. ಆ ಮೇಲೆ ದೊಡ್ಡ ಸಮೀಕ್ಷೆಗಳಲ್ಲಿಯೂ ಇದು ಹೃದ್ರೋಗದೊಡನೆ ಕಾಣಿಸಿಕೊಂಡಿತು. ಈ ಒಂದು ಬಗೆಯ ಕೊಬ್ಬಿನ ವಿಷಯದಲ್ಲಿ ಎಲ್ಲ ಜಾತಿಯ ಸಾಕ್ಷ್ಯಗಳೂ ಒಂದೇ ದಿಕ್ಕಿಗೆ ಬೆರಳು ತೋರುವುವು, ವಾದಕ್ಕೆ ಎಡೆಯಿಲ್ಲ. ನಮ್ಮ ದೇಶದಲ್ಲಿ 2022ರ ಜನವರಿ 1ರಿಂದ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಇದು ನೂರಕ್ಕೆ 2ನ್ನು ಮೀರಕೂಡದೆಂಬ ನಿಯಮ ಜಾರಿಗೆ ಬಂದಿದೆ. ನಾವು ಹೋಳಿಗೆ ಮಾಡಿದ ಕಾಲದ ಡಬ್ಬಿಗೆ ಆ ಮಿತಿ ಇರಲಿಲ್ಲ. ತುಪ್ಪಕ್ಕೆ ಹೆದರಿ ನಾವು ಆರಿಸಿಕೊಂಡದ್ದು ತುಪ್ಪಕ್ಕಿಂತ ಕೆಟ್ಟದ್ದನ್ನು.

ಇದನ್ನೆಲ್ಲ ಹೇಳಿದಾಗ ತಂದೆಯವರು, "ಅದೆಲ್ಲ ಸರಿಯಪ್ಪ, ನಾನು ಊಟಕ್ಕೆ ಒಂದು ಚಮಚ ತುಪ್ಪ ಹಾಕಿಕೊಂಡರೆ ಏನಾಗುತ್ತದೆ, ಅಷ್ಟು ಹೇಳು" ಎಂದರು. ಕಾಗದ ತಂದು ಅವರ ಮುಂದೆಯೇ ಲೆಕ್ಕ ಮಾಡಿದೆ. ಒಂದು ಚಿಕ್ಕ ಚಮಚ ತುಪ್ಪ 5 ಗ್ರಾಂ. ಅದರಲ್ಲಿ ಪರ್ಯಾಪ್ತ ಕೊಬ್ಬು ಸುಮಾರು 3 ಗ್ರಾಂ. ಗ್ರಾಮಿಗೆ 9 ಕಿಲೊಕ್ಯಾಲೊರಿಯಂತೆ 27. ಅವರ ದಿನದ ಆಹಾರ ಸುಮಾರು 1,800 ಕಿಲೊಕ್ಯಾಲೊರಿ; ಅದರಲ್ಲಿ 27 ಎಂದರೆ ನೂರಕ್ಕೆ ಒಂದೂವರೆ. 2.7ರಿಂದ ಗುಣಿಸಿದರೆ 4 ಮಿಲಿಗ್ರಾಂ. ಇದು ಆ ತುಪ್ಪದ ಜಾಗದಲ್ಲಿ ಅಷ್ಟೇ ಶಕ್ತಿಯ ಅನ್ನವನ್ನು ಉಂಡುದಕ್ಕೆ ಹೋಲಿಸಿದ ಏರಿಕೆ. ಅದೂ ಅನೇಕರ ಸರಾಸರಿ, ಅವರೊಬ್ಬರಿಗೆ ಹೆಚ್ಚೂ ಇರಬಹುದು, ಕಡಮೆಯೂ ಇರಬಹುದು. ಮೊದಲಿನಂತೆ ದಿನಕ್ಕೆ ನಾಲ್ಕೈದು ಚಮಚ ಸುರಿದುಕೊಂಡರೆ 16ರಿಂದ 20. ಅವರು ನುಂಗುವ ಮಾತ್ರೆ ಇಳಿಸುವುದು ಇದಕ್ಕಿಂತ ಬಹಳ ಹೆಚ್ಚು. ಆದರೆ ಮಾತ್ರೆಯ ಕೆಲಸವನ್ನು ಊಟದಿಂದ ಹಾಳುಮಾಡುವುದೇಕೆ?

ಕಾಗದವನ್ನು ಅವರು ಮಡಿಸಿ ಇಟ್ಟುಕೊಂಡರು. ಮುಂದಿನ ಬಾರಿ ರಕ್ತಪರೀಕ್ಷೆಯ ವರದಿಯೊಡನೆ ಅದನ್ನೂ ವೈದ್ಯರಿಗೆ ತೋರಿಸಿದರು. ವೈದ್ಯರು ಎರಡನ್ನೂ ನೋಡಿ ದಿನಕ್ಕೆ ಒಂದು ಚಮಚಕ್ಕೆ ಒಪ್ಪಿ, ಆರು ತಿಂಗಳ ಮೇಲೆ ಮತ್ತೆ ಪರೀಕ್ಷೆ ಮಾಡಿಸಬೇಕೆಂದರು. ಆ ಪರೀಕ್ಷೆ ಮುಂದಿನ ತಿಂಗಳಿದೆ.